ಯಾರೇ ಇಬ್ಬರು ವ್ಯಕ್ತಿಗಳು

ಅಕ್ಕ ನನ್ನ ಹತ್ತಿರ ಮದುವೆ ನೋಂದಣಿಯ ಫಾರಂ ಕೇಳಿದ ದಿನ ಅಮ್ಮ ಸಜ್ಜಿಗೆ ಮಾಡಿದರು.

ಅವಳಿಗೆ ಆಗ ಮೂವತ್ತನಾಲ್ಕು ವರ್ಷ. ನಾನು ಹತ್ತು ವರ್ಷ ಚಿಕ್ಕವಳು, ಉಪನಗರದ ಒಂದು ವಿವಾಹ ನೋಂದಣಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಸಯನ್‌ನಲ್ಲಿ ಎರಡನೇ ಮಹಡಿಯ ಎರಡು ಕೋಣೆಯ ಮನೆ ನಮ್ಮದು. ಅಪ್ಪ ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾಗಿದ್ದರು. ಅಕ್ಕ ಹೈಸ್ಕೂಲಿನಲ್ಲಿ ಇತಿಹಾಸ ಮತ್ತು ಪೌರನೀತಿ ಕಲಿಸುತ್ತಿದ್ದಳು. ಮೈಸೂರಿನಿಂದಲೂ ಮಾಟುಂಗದಿಂದಲೂ ಬಂದ ಗಂಡುಗಳನ್ನೆಲ್ಲ ಹತ್ತು ವರ್ಷದಿಂದ ಬೇಡವೆನ್ನುತ್ತಲೇ ಬಂದಿದ್ದಳು.

"ಸ್ಪೆಷಲ್ ಮ್ಯಾರೇಜ್ ಆ್ಯಕ್ಟಿಂದು ಒಂದು ಫಾರಂ ತಂದ್ಕೊಡ್ತೀಯಾ?" ಎಂದಳು, ಕಾಪಿ ಪುಸ್ತಕ ತಿದ್ದುತ್ತಾ.

"ಯಾರಿಗೆ?"

"ನನಗೆ."

ಅಡುಗೆಮನೆಯಲ್ಲಿ ಅಮ್ಮನ ಕೈ ನಿಂತಿತು. ಅಂಥ ಫಾರಂ ಕೇಳುವವರು ಬೇರೆ ಜಾತಿಯವರನ್ನು ಮಾಡಿಕೊಳ್ಳುವವರು ಎಂದು ಅವರಿಗೂ ಗೊತ್ತಿತ್ತು. ಆದರೂ ಸೆರಗಿನಿಂದ ಕೈ ಒರೆಸಿಕೊಂಡು ದೇವರ ಪಟದ ಮುಂದೆ ಹೋಗಿ ನಿಂತರು. "ಯಾವ ಜಾತಿಯವನಾದರೂ ಆಗಲಿ, ಸದ್ಯ ಒಬ್ಬ ಸಿಕ್ಕಿದನಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿ ರವೆಯ ಡಬ್ಬ ತೆಗೆದರು. ಅಪ್ಪ ಎರಡು ಸಲ ಹಾಕಿಸಿಕೊಂಡು ತಿಂದರು.

ಮುಂದಿನ ಭಾನುವಾರ ಅಕ್ಕ ನನ್ನನ್ನು ಬಿಲ್ಡಿಂಗಿನ ತಾರಸಿಗೆ ಕರೆದುಕೊಂಡು ಹೋಗಿ ತುಂಬಿದ ಫಾರಂ ಕೊಟ್ಟಳು. 'ವರ' ಎಂದು ಅಚ್ಚಾಗಿದ್ದ ಕಡೆ ಸ್ಕೇಲ್ ಇಟ್ಟು ಗೆರೆ ಎಳೆದು, ಅದರ ಮೇಲೆ 'ವಧು' ಎಂದು ಬರೆದಿದ್ದಳು. ಕೆಳಗೆ ಭಾಂಡುಪಿನವಳ ಹೆಸರಿತ್ತು.

ಭಾಂಡುಪಿನವಳು ನಮ್ಮ ಮನೆಗೆ ಹೊಸಬಳಲ್ಲ. ಎಂಬತ್ತೊಂದರ ಜನಗಣತಿಗೆ ಅಕ್ಕನನ್ನು ಭಾಂಡುಪಿನ ಚಾಳುಗಳ ಸಾಲುಮನೆಗಳಿಗೆ ಹಾಕಿದ್ದರು. ಅಲ್ಲಿ ಒಂದು ಖೋಲಿಯಲ್ಲಿ ಒಬ್ಬಳೇ ಇದ್ದ ಈ ಗದಗಿನ ಹೆಂಗಸು ಸಿಕ್ಕಿದ್ದಳು. ಔಷಧಿ ಕಂಪನಿಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಸೂಪರ್‌ವೈಸರ್. ಕಪ್ಪಗೆ, ಎತ್ತರವಾಗಿ, ಯಾವಾಗಲೂ ಇಸ್ತ್ರಿ ಮಾಡಿದ ಸೀರೆಯಲ್ಲಿ ಇರುತ್ತಿದ್ದಳು. ಹಬ್ಬಕ್ಕೆ ಬರುವಾಗ ಅಮ್ಮನಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದಳು. ಅಕ್ಕ ಪ್ರತಿ ಶನಿವಾರ ಭಾಂಡುಪಿಗೆ ಹೋಗಿ ಸೋಮವಾರ ಅಲ್ಲಿಂದಲೇ ಶಾಲೆಗೆ ಬರುತ್ತಿದ್ದಳು. ಆರು ವರ್ಷ ನಾವದನ್ನು ಸ್ನೇಹ ಎಂದು ಕರೆದೆವು.

ಫಾರಂ ಕೇಳಿದ ಆ ವರ್ಷದ ಮೊದಲಲ್ಲಿ ಭಾಂಡುಪಿನವಳಿಗೆ ಹೊಟ್ಟೆಯ ಆಪರೇಷನ್ ಆಗಬೇಕಾಗಿ ಬಂತು. ಆಸ್ಪತ್ರೆಯಲ್ಲಿ ಅಕ್ಕ ಸಹಿ ಹಾಕಲು ಹೋದರೆ, ನೀವು ಯಾರು ಎಂದು ಕೇಳಿದರಂತೆ. ಗೆಳತಿ ಎಂದದ್ದಕ್ಕೆ, ಸಂಬಂಧಿಕರು ಬೇಕು ಎಂದರಂತೆ. ಗದಗಿನಿಂದ ಅವಳ ಅಣ್ಣ ಟೆಲಿಗ್ರಾಂ ಸಿಕ್ಕಿ ಬಂದು ಸೇರಲು ಎರಡು ದಿನ ಹಿಡಿಯಿತು. ಆ ಎರಡು ದಿನ ಅವಳು ನೋವಿನಲ್ಲಿ ಮಂಚದ ಕಂಬಿ ಕಚ್ಚುತ್ತಿದ್ದಳು ಎಂದು ಅಕ್ಕ ತಾರಸಿಯ ಮೇಲೆ ನಿಂತು ಹೇಳಿದಳು.

"ನನಗೆ ಹಾಲ್ ಬೇಡ, ಊಟ ಬೇಡ, ಮಂತ್ರ ಬೇಡ. ಮುಂದಿನ ಸಲ ಯಾರು ನೀವು ಅಂತ ಕೇಳಿದರೆ ತೋರಿಸೋಕೆ ಒಂದು ಕಾಗದ ಬೇಕು. ಕಾಯ್ದೆ ಓದಿದೀನಿ. ಯಾರೇ ಇಬ್ಬರು ವ್ಯಕ್ತಿಗಳು ಅಂತಿದೆ. ಗಂಡು ಹೆಣ್ಣು ಅಂತ ಶುರುವಾಗಲ್ಲ ಅದು."

ಪಾಠ ಮಾಡುವವರಿಗೆ ಅಚ್ಚಾದ ಮಾತಿನ ಮೇಲೆ ಎಷ್ಟು ನಂಬಿಕೆ ಇರುತ್ತದೆ ಎಂಬುದನ್ನು ನಾನು ಅವಳಲ್ಲಿ ಕಂಡೆ. ಆ ಫಾರಂ ಅನ್ನು ನಾನು ಅಲ್ಲೇ ಹರಿದು ಹಾಕಬಹುದಿತ್ತು. ಆಗುವುದಿಲ್ಲ ಅಕ್ಕ, ಆ ಕಾಯ್ದೆಯಲ್ಲೇ ಮುಂದೆ ಗಂಡಿಗೆ ಇಪ್ಪತ್ತೊಂದು, ಹೆಣ್ಣಿಗೆ ಹದಿನೆಂಟು ಅಂತ ಬರೆದಿದೆ ಎಂದು ಹೇಳಬಹುದಿತ್ತು. ಅಂಥ ಫಾರಂಗಳನ್ನು ದಿನವೂ ಟೈಪ್ ಮಾಡುವ ನನಗೆ ಅದು ಬಾಯಿಪಾಠವಾಗಿತ್ತು. "ಸಾಹೇಬರಿಗೆ ಕೊಡ್ತೀನಿ" ಎಂದೆ.

ನನಗೂ ಮದುವೆ ಗೊತ್ತಾಗಿತ್ತು. ಮಳೆಗಾಲ ಮುಗಿದ ಮೇಲೆ ಮುಹೂರ್ತ. ಇದು ಹೊರಗೆ ಬಂದರೆ ನನ್ನ ಮದುವೆ ಮುರಿಯುತ್ತದೆಂಬ ಭಯವಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಭಯವಿದ್ದರೆ ಮುಚ್ಚಿಡುತ್ತಿದ್ದೆ. ನಿಜವೆಂದರೆ ಆ ಕಾಗದ ನನ್ನ ಚೀಲದಲ್ಲಿ ಇದ್ದಾಗ ನನಗೆ ಒಂದು ಬಗೆಯ ಗೆಲುವು ಅನ್ನಿಸಿತು. ಹುಟ್ಟಿದಾಗಿನಿಂದ ಮನೆಯಲ್ಲಿ ಬುದ್ಧಿವಂತೆ ಅವಳು. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಸೋಮವಾರ ನಮ್ಮ ರಿಜಿಸ್ಟ್ರಾರ್ ಸಾಹೇಬರ ಮೇಜಿನ ಮೇಲೆ ಫಾರಂ ಇಟ್ಟೆ. ನನ್ನ ಅಕ್ಕನದು ಎಂದು ಹೇಳಲಿಲ್ಲ, ಪರಿಚಯದವರದು ಎಂದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, ಒಳಗಿನಿಂದ ಹೆಡ್ ಕ್ಲರ್ಕನ್ನು ಕರೆದರು. ಹೆಡ್ ಕ್ಲರ್ಕ್ ಗಟ್ಟಿಯಾಗಿ ಓದಿದ. ಇಡೀ ಕಚೇರಿ ನಕ್ಕಿತು. ನಾನೂ ನಕ್ಕೆ. "ಬುಧವಾರ ಬರೋಕೆ ಹೇಳು, ನೋಡೋಣ ಹೇಗಿದಾರೆ" ಎಂದರು ಸಾಹೇಬರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ: "ಬುಧವಾರ ಇಬ್ಬರೂ ಬರಬೇಕಂತೆ." ಅವಳು ನನ್ನ ಕೆನ್ನೆ ಹಿಡಿದು ಮುತ್ತಿಟ್ಟಳು.

ಬುಧವಾರ ಹನ್ನೊಂದು ಗಂಟೆಗೆ ಬಂದರು. ಅಕ್ಕ ಶಾಲೆಗೆ ರಜೆ ಹಾಕಿದ್ದಳು. ಇಬ್ಬರೂ ರೇಷ್ಮೆ ಸೀರೆ ಉಟ್ಟಿದ್ದರು. ಭಾಂಡುಪಿನವಳು ಮಲ್ಲಿಗೆ ಮುಡಿದು, ಕೈಯಲ್ಲಿ ಪೇಢೆಯ ಡಬ್ಬಿ ಹಿಡಿದಿದ್ದಳು. ಕುರ್ಚಿಗಳಿದ್ದರೂ ಸಾಹೇಬರು ಕೂರಲು ಹೇಳಲಿಲ್ಲ. ಪಕ್ಕದ ಕಚೇರಿಯವರೂ ಬಾಗಿಲಲ್ಲಿ ಬಂದು ನಿಂತಿದ್ದರು.

"ನವರಾ ಕೋಣ, ಬಾಯ್ಕೊ ಕೋಣ?" ಎಂದರು ಸಾಹೇಬರು ಮರಾಠಿಯಲ್ಲಿ. ಗಂಡ ಯಾರು, ಹೆಂಡತಿ ಯಾರು ಎಂದು. ಬಾಗಿಲಲ್ಲಿದ್ದವರು ನಕ್ಕರು.

"ಕಾಯ್ದೆಯಲ್ಲಿ ಇಬ್ಬರು ವ್ಯಕ್ತಿಗಳು ಅಂತಿದೆ" ಎಂದು ಅಕ್ಕ ಹಿಂದಿಯಲ್ಲಿ ಹೇಳಿದಳು.

"ನಾಯಿ ಬೆಕ್ಕನ್ನೂ ಕರ್ಕೊಂಡು ಬರ್ತೀರಿ ನಾಳೆ" ಎಂದರು ಸಾಹೇಬರು. ಆಮೇಲೆ ಭಾಂಡುಪಿನವಳ ಕಡೆ ತಿರುಗಿ, ಇವಳಿಗೆ ನೀನೇನು ಕೊಡುತ್ತೀಯೆ ಎಂದು ಕೇಳಿದರು. ಆ ಮಾತಿನ ಅರ್ಥ ಎಲ್ಲರಿಗೂ ಆಯಿತು. ಭಾಂಡುಪಿನವಳು ಪೇಢೆಯ ಡಬ್ಬಿಯನ್ನು ಸೆರಗಿನ ಒಳಗೆ ಮುಚ್ಚಿಕೊಂಡಳು.

ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಬರೆದು ಕೊಡಿ. ನಾನು ಮೇಲಿನವರಿಗೆ ಅರ್ಜಿ ಹಾಕ್ತೀನಿ."

ಸಾಹೇಬರು ಕೆಂಪು ಶಾಯಿಯಲ್ಲಿ ಫಾರಂನ ಮೂಲೆಯಿಂದ ಮೂಲೆಗೆ ಗೀಟು ಹಾಕಿ ಎಸೆದರು. "ಸರ್ಕಾರಕ್ಕೆ ಬೇರೆ ಕೆಲಸ ಇದೆ. ಯಾವುದಾದರೂ ದೇವಸ್ಥಾನಕ್ಕೆ ಹೋಗಿ ಹಾರ ಹಾಕ್ಕೊಳ್ಳಿ, ದೇವರು ಪಾಪ ಸಾಧು, ಬೇಡ ಅನ್ನಲ್ಲ."

ಅಕ್ಕ ಬಗ್ಗಿ ಫಾರಂ ಎತ್ತಿಕೊಂಡಳು. ಏಳುವಾಗ ನನ್ನ ಮೇಜಿನ ಕಡೆ ನೋಡಿದಳು. ನಾನು ಟೈಪ್ ಮಾಡುತ್ತಲೇ ಇದ್ದೆ. ಇವಳು ನನ್ನ ಅಕ್ಕ ಎಂದು ನಾನು ಹೇಳಲಿಲ್ಲ. ಇವಳು ನನ್ನ ತಂಗಿ ಎಂದು ಅವಳೂ ಹೇಳಲಿಲ್ಲ.

ಸಂಜೆ ಅವಳಿಗಿಂತ ಮೊದಲು ಮನೆ ಸೇರಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಹೊಡೆಯುವವರಲ್ಲ. ಮರುದಿನ ನಮ್ಮ ಮನೆಗೆ ಬರುತ್ತಿದ್ದ ಪುರೋಹಿತರನ್ನು ಕರೆಸಿದರು. ಅಕ್ಕನನ್ನು ನಡುಮನೆಯಲ್ಲಿ ಕೂರಿಸಿ, ಇಂಥ ಮದುವೆ ಉಂಟೇ ಎಂದು ಅವರನ್ನು ಕೇಳಿದರು.

ಪುರೋಹಿತರು ಕಾಫಿ ಕುಡಿದು ಲೋಟ ಕೆಳಗಿಟ್ಟರು. "ವಿವಾಹ ಅಂದರೆ ಕನ್ಯಾದಾನ. ದಾನ ತಗೊಳ್ಳೋನು ಬೇಕಲ್ಲಮ್ಮ. ಸರ್ಕಾರ ಏನು ಬೇಕಾದರೂ ಬರೆದುಕೊಳ್ಳಲಿ, ಅದರ ಹಣೆಬರಹ. ಅಗ್ನಿ ಮುಂದೆ ಇದಕ್ಕೆ ಹೆಸರಿಲ್ಲ."

"ಸರ್ಕಾರದವರು ದೇವರ ಹತ್ತಿರ ಹೋಗು ಅಂದರು" ಎಂದಳು ಅಕ್ಕ. "ನೀವು ಸರ್ಕಾರ ಬರೆದುಕೊಳ್ಳಲಿ ಅಂತೀರಿ. ನಾನು ಎಲ್ಲಿಗೆ ಹೋಗಲಿ?"

"ಸಾಯಿ" ಎಂದರು ಅಮ್ಮ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಊಟಕ್ಕೆ ಬಾ ಎಂದು ಕರೆಯುವ ಧ್ವನಿಯಲ್ಲೇ ಅಂದರು. ಪುರೋಹಿತರು ಕೂಡ ತಲೆ ತಗ್ಗಿಸಿದರು.

ಕಾಗದ ಬರೆಯುವ ಯೋಚನೆ ಅಪ್ಪನದು. ಅಪ್ಪ ಹೇಳಿದಂತೆ ನಾನು ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಟೈಪ್ ಮಾಡಿದೆ. ಸಹಿ ಇಲ್ಲ. ಒಂದು ಔಷಧಿ ಕಂಪನಿಯ ಮ್ಯಾನೇಜರಿಗೆ, ಒಂದು ಚಾಳಿನ ಮಾಲೀಕನಿಗೆ. ಈ ಹೆಂಗಸು ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳನ್ನು ಕೆಡಿಸುತ್ತಾಳೆ, ನಿಮ್ಮಲ್ಲಿ ಕೆಲಸ ಮಾಡುವ ಹುಡುಗಿಯರ ಗತಿ ಏನು, ಎಂದು. 'ಹುಡುಗಿಯರ ಗತಿ' ಎಂಬ ಮಾತು ಅಪ್ಪ ಹೇಳಿದ್ದಲ್ಲ. ನಾನು ಸೇರಿಸಿದ್ದು. ಇಂಗ್ಲಿಷಿನಲ್ಲಿ ಅದು ಚೆನ್ನಾಗಿ ಕೂತಿತು.

ವಾರದೊಳಗೆ ಅವಳ ಕೆಲಸ ಹೋಯಿತು. ಅದಾಗಿ ನಾಲ್ಕು ದಿನಕ್ಕೆ ಚಾಳಿನವರು ಅವಳ ಪಾತ್ರೆಗಳನ್ನು ಹೊರಗಿಟ್ಟು ಬೀಗ ಹಾಕಿದರು. ಅಕ್ಕ ಅವಳನ್ನು ಹುಡುಕಿಕೊಂಡು ಹೋಗಿ, ತಿರುಗಿ ಬಂದು ಅಪ್ಪನ ಮುಂದೆ ನಿಂತಳು. ಅವಳ ಕೈಯಲ್ಲಿ ಆ ಕಾಗದವಿತ್ತು. ಚಾಳಿನ ಮಾಲೀಕ ಅದನ್ನು ಭಾಂಡುಪಿನವಳ ಮುಖಕ್ಕೆ ಎಸೆದಿದ್ದನಂತೆ.

"ಪೊಲೀಸಿಗೂ ಒಂದು ಹೋಗುತ್ತೆ" ಎಂದರು ಅಪ್ಪ. "ಅವಳನ್ನ ಒಳಗೆ ಹಾಕಿ ಏನೇನು ಮಾಡ್ತಾರೋ ನಂಗೊತ್ತಿಲ್ಲ. ನಿನ್ನಿಷ್ಟ."

ಅಕ್ಕ ಕೈಯಲ್ಲಿದ್ದ ಕಾಗದ ಮಡಚಿದಳು. ಆಮೇಲೆ, "ನನಗೆ ಗಂಡು ಅಂತ ಯಾರನ್ನ ನೋಡಿದೀರಿ?" ಎಂದು ಕೇಳಿದಳು.

ಜೋಗೇಶ್ವರಿಯಲ್ಲಿ ಒಬ್ಬರಿದ್ದರು. ಹೆಂಡತಿ ಸತ್ತಿದ್ದರು, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಸಣ್ಣ ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಅಕ್ಕ ಮುಖ ನೋಡದೆಯೇ ಒಪ್ಪಿದಳು. ಆ ರಾತ್ರಿಯೂ ಎಂದಿನಂತೆ ಹಾಸಿಗೆ ಹಾಸುವಾಗ ನನ್ನ ಕಡೆ ತಿರುಗಿ, "ಇನ್ನೊಂದು ಕಾಗದ ಟೈಪ್ ಆಗಬಾರದು. ನಿನ್ನ ಆಫೀಸಿನ ಮಶೀನಲ್ಲಿ ಆರ್ ಅಕ್ಷರ ಮೇಲಕ್ಕೆ ಹಾರುತ್ತೆ. ನಿನ್ನ ಕೆಲಸ ಅಂತ ಅವಳಿಗೆ ಹೇಳಿಲ್ಲ" ಎಂದಳು. ನನ್ನ ಜೊತೆ ಅವಳು 'ನೀನು' ಎಂದು ಆಡಿದ ಕೊನೆಯ ದಿನ ಅದಿರಬೇಕು.

ಅದೇ ಪುರೋಹಿತರು ಮದುವೆ ಮಾಡಿಸಿದರು. ಹದಿನೈದು ದಿನಕ್ಕೆ ಅಕ್ಕ, ಭಾವ ನೋಂದಣಿಗೆಂದು ನಮ್ಮ ಕಚೇರಿಗೇ ಬಂದರು. ಸಾಹೇಬರು ಅವಳನ್ನು ಗುರುತಿಸಿ ಎದ್ದು ನಿಂತು ಕೈಮುಗಿದು, "ಈಗ ನೋಡಿ, ಎಷ್ಟು ಸುಲಭ" ಎಂದರು. ಸರ್ಟಿಫಿಕೇಟು ನಾನೇ ಟೈಪ್ ಮಾಡಿದೆ.

ನನ್ನ ಮದುವೆ ಗೊತ್ತಾದ ದಿನಕ್ಕೇ ಚೆನ್ನಾಗಿ ಆಯಿತು. ಗಂಡನ ಮನೆ ಭಾಂಡುಪಿನ ಕಾಲೊನಿಯಲ್ಲಿ. ಅಕ್ಕನ ಮನೆಗೆ ಹೋದಾಗಲೆಲ್ಲ ಅವಳು ಬಾಗಿಲು ತೆರೆದು "ಬನ್ನಿ" ಅನ್ನುತ್ತಿದ್ದಳು. ನೀವು, ನಿಮ್ಮ ಮನೆಯವರು, ಕೂತ್ಕೊಳ್ಳಿ, ತಗೊಳ್ಳಿ. ಮೊದಲ ಸಲ ತಮಾಷೆ ಅಂದುಕೊಂಡೆ. "ಏನಕ್ಕ ಇದು, ನನಗೆ ಬನ್ನಿ ಅಂತ" ಎಂದೆ. "ಹೊರಗಿನವರಿಗೆ ಹಾಗೇ ತಾನೇ ಅನ್ನೋದು" ಎಂದಳು, ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಗಂಡನ ಮಕ್ಕಳಿಗೆ ಮಾತ್ರ ಅವಳು ತಲೆ ಬಾಚುವುದನ್ನು, ಪಾಠ ಹೇಳುವುದನ್ನು ನೋಡಿದರೆ ಹೊಟ್ಟೆಯಲ್ಲಿ ಹುಟ್ಟಿದವರಂತೆ ಕಾಣುತ್ತಿತ್ತು.

ತೊಂಬತ್ತರ ಮೇಲೆ ಒಂದೆರಡು ವರ್ಷ ಕಳೆದಿದ್ದಾಗ ಭಾಂಡುಪ್ ಸ್ಟೇಷನ್ನಿನ ಹೊರಗೆ ತರಕಾರಿ ಕೊಳ್ಳುತ್ತಿದ್ದೆ. ಯಾರೋ ಭುಜ ಮುಟ್ಟಿದರು. ಇಸ್ತ್ರಿಯಿಲ್ಲದ ಸೀರೆ, ಕೂದಲು ಅರ್ಧ ಬೆಳ್ಳಗೆ. ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಳೆ ಎಂದು ಆಮೇಲೆ ತಿಳಿಯಿತು.

"ನೀವು ಅಕ್ಕಾರ ತಂಗಿ ಅಲ್ರಿ? ನನ್ನ ಗುರ್ತ ಸಿಗ್ಲಿಲ್ಲೇನ್ರಿ?" ಎಂದಳು. ಗುರುತು ಸಿಕ್ಕಿತ್ತು.

ರಸ್ತೆಯ ಪಕ್ಕಕ್ಕೆ ಕರೆದುಕೊಂಡು ಹೋಗಿ ನನ್ನ ಎರಡೂ ಕೈ ಹಿಡಿದಳು. "ಆ ಹೊತ್ತಿನ್ಯಾಗ ನಮ್ಮ ಸಲುವಾಗಿ ಆಫೀಸಿನ್ಯಾಗ ಕೆಲಸ ಮಾಡಿಕೊಡಾಕ ನೋಡಿದವ್ರು ನೀವು ಒಬ್ರ ರೀ. ಅಕ್ಕಾರು ಹೇಳಿದ್ರು, ನನ್ನ ತಂಗಿ ನಮ್ಮ ಕಡೆ ಅದಾಳ ಅಂತ. ನಾ ಮರ್ತಿಲ್ಲರಿ."

ನಾನು ಕೈ ಬಿಡಿಸಿಕೊಳ್ಳಲಿಲ್ಲ.

"ಅಕ್ಕಾರು ಹೆಂಗದಾರ್ರಿ? ನಮ್ಮ ಅಣ್ಣ ಊರಿಗೆ ಬಾ ಅಂತ ಬರ್ದಾನ. ಇಲ್ಲಿ ಯಾರ ಸಲುವಾಗಿ ಇರ್ಲಿ. ಅವ್ರು ಒಂದ ಮಾತು ನನ್ನ ನೆನಸ್ತಾರ ಅಂದ್ರ ಇರ್ತೀನ್ರಿ. ಭೆಟ್ಟಿ ಆಗೂದು ಬ್ಯಾಡ. ಒಂದ ಊರಾಗ ಇದ್ರ ಸಾಕು."

ಅಕ್ಕ ಅವಳ ಹೆಸರು ಎತ್ತಿದ್ದನ್ನು ನಾನು ಕೇಳಿರಲಿಲ್ಲ, ನಿಜ. ಹೊರಗಿನವಳ ಮುಂದೆ ಎತ್ತುವುದಾದರೂ ಹೇಗೆ? ಆದರೆ ಅವಳ ಟ್ರಂಕಿನಲ್ಲಿ ಕೆಂಪು ಗೀಟಿನ ಆ ಫಾರಂ ಮಡಚಿ ಇಟ್ಟಿದ್ದನ್ನು ಜೋಗೇಶ್ವರಿಯ ಮನೆಯಲ್ಲಿ ನನ್ನ ಕಣ್ಣಿಂದ ನೋಡಿದ್ದೆ.

"ಚೆನ್ನಾಗಿದಾಳೆ" ಎಂದೆ. "ಗಂಡ, ಮಕ್ಕಳು, ಎಲ್ಲ ಹೊಂದಿಕೊಂಡಿದಾಳೆ. ಹಳೇದೆಲ್ಲ ಮರೆತುಬಿಟ್ಟಿದಾಳೆ. ನಿಮ್ಮ ಹೆಸರು ಬಂದರೆ ಬೇಜಾರು ಮಾಡ್ಕೋತಾಳೆ."

ಇವಳು ಈ ಊರಲ್ಲಿ ಇರುವವರೆಗೆ ಎಂದಾದರೂ ಒಂದು ದಿನ ಇಬ್ಬರೂ ಕೂತು ನಾನು ಟೈಪ್ ಮಾಡಿದ ಆ ಕಾಗದದ ಮಾತಾಡುತ್ತಾರೆ ಎಂದು ಅನ್ನಿಸಿರಬೇಕು.

ಅವಳು ನನ್ನ ಕೈ ಬಿಟ್ಟಳು. "ಛಲೋ ಆತ್ರಿ. ಸುಖವಾಗಿರ್ಲಿ" ಎಂದಳು. ನನ್ನ ಚೀಲದಿಂದ ಬಿದ್ದಿದ್ದ ಒಂದು ಬದನೆಕಾಯಿ ಎತ್ತಿ ಒಳಗೆ ಹಾಕಿ, ಸೇತುವೆಯ ಮೆಟ್ಟಿಲು ಹತ್ತಿ ಹೋದಳು.

ಎರಡು ತಿಂಗಳು ಬಿಟ್ಟು ಜೋಗೇಶ್ವರಿಗೆ ಹೋದೆ. ಹೇಳಬಾರದೆಂದೇ ಹೋದದ್ದು. ಅಕ್ಕ ಚಹಾ ತಂದಿಟ್ಟು, ಹುರುಳಿಕಾಯಿ ಬಿಡಿಸುತ್ತಾ ಎದುರಿಗೆ ಕೂತಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಎಲ್ಲ ಹೇಳಿಬಿಟ್ಟೆ. ಭಾಂಡುಪಿನವಳು ಕೇಳಿದ್ದು, ನಾನು ಹೇಳಿದ್ದು, ಅವಳು ಊರಿಗೆ ಹೋಗಿದ್ದು. ಆಸ್ಪತ್ರೆಯಲ್ಲಿ ವಿಚಾರಿಸಿದ್ದೆ, ಹದಿನೈದು ದಿನಕ್ಕೇ ಕೆಲಸ ಬಿಟ್ಟು ಹೋಗಿದ್ದಳು, ಗದಗಿನ ವಿಳಾಸ ಯಾರ ಹತ್ತಿರವೂ ಇರಲಿಲ್ಲ.

ಅಕ್ಕನ ಬೆರಳು ನಿಲ್ಲಲಿಲ್ಲ. ನಾರು ತೆಗೆದು ಒಂದು ಕಡೆ, ಕಾಯಿ ಒಂದು ಕಡೆ ಹಾಕುತ್ತಲೇ ಇದ್ದಳು.

"ಸೊರಗಿದ್ದಳಾ?" ಎಂದು ಕೇಳಿದಳು.

"ಹೌದು."

ಅವಳು ಇನ್ನೇನಾದರೂ ಕೇಳುತ್ತಾಳೆಂದು ಕಾದೆ. ಬಯ್ಯಲಿ ಎಂದು ಕಾದೆ. ಕೆಳಗೆ ಮಕ್ಕಳು ಶಾಲೆಯಿಂದ ಬಂದ ಸದ್ದಾಯಿತು. ಅಕ್ಕ ತಟ್ಟೆ ಎತ್ತಿಕೊಂಡು ಎದ್ದಳು.

"ಚಹಾ ಆರ್ತಾ ಇದೆ" ಎಂದಳು. "ಕುಡೀರಿ."