ಬ್ಯಾಂಕಾಕ್‌ಗೆ ಹೊರಟವರು ಬೆಟ್ಟ ಹತ್ತಿದ್ದು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಮಸ್ಕತ್‌ನ ಖುರುಮ್‌ನಲ್ಲಿ ಒಂದು ಟ್ರಾವೆಲ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ವಿಮಾನದ ಟಿಕೆಟ್ಟುಗಳನ್ನು ಆಗ ಕೈಯಲ್ಲೇ ಬರೆಯಬೇಕಿತ್ತು. ಬಾಲ್ ಪೆನ್ನನ್ನು ಒತ್ತಿ ಬರೆದರೆ ಕೆಳಗಿನ ಹಾಳೆಗಳಿಗೆಲ್ಲ ಕೆಂಪು ಅಕ್ಷರ ಇಳಿಯುತ್ತಿತ್ತು. ಸಂಜೆ ಮನೆಗೆ ಬರುವಾಗ ನನ್ನ ಬೆರಳುಗಳೂ ಕೆಂಪು. ನಮ್ಮ ಕಡೆಯವರಲ್ಲಿ ಯಾರು ಯಾವಾಗ ಎಲ್ಲಿಗೆ ಹೋಗುತ್ತಾರೆ ಎನ್ನುವುದು ಅವರ ಹೆಂಡತಿಯರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ನನ್ನ ಗಂಡ ಇದೊಂದನ್ನು ಮರೆತರು.

ಅವರು ಪಂಪ್‌ಸೆಟ್ ಮಾರುವ ಕಂಪೆನಿಯಲ್ಲಿ ಇಂಜಿನಿಯರ್. ಅವರ ಜೀವದ ಗೆಳೆಯ ಅದೇ ಕಂಪೆನಿಯ, ಕಡಲ ಬದಿಯ ಸುವೈಕ್ ಊರಿನ ಶಾಖೆಯನ್ನು ನೋಡಿಕೊಳ್ಳುತ್ತಿದ್ದ. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್, ಹೆಂಡತಿ ಮಕ್ಕಳು ಊರಲ್ಲಿ. ಪ್ರತಿ ಗುರುವಾರ ಮಧ್ಯಾಹ್ನ ಐಸ್ ಪೆಟ್ಟಿಗೆಯಲ್ಲಿ ಮೀನು ತುಂಬಿಕೊಂಡು ನಮ್ಮ ಮನೆಗೆ ಬಂದರೆ ಶುಕ್ರವಾರ ಸಂಜೆಯೇ ಹೊರಡುವುದು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದ ಅತ್ತೆಗೆ ಅವನ ಮೇಲೆ ಮಗನಿಗಿಂತ ಒಂದು ಗುಲಗಂಜಿ ಹೆಚ್ಚೇ ಪ್ರೀತಿ. ಅದಕ್ಕೆ ಮೀನೇ ಕಾರಣ ಎಂದು ನನ್ನ ಅನುಮಾನ.

ಒಂದು ಸೋಮವಾರ ಬೆಳಿಗ್ಗೆ ಆಫೀಸಿನ ಫೋನ್ ಹೊಡೆದುಕೊಂಡಿತು. ಎತ್ತಿದೆ.

"ಈದ್ ರಜೆಗೆ ಬ್ಯಾಂಕಾಕ್‌ಗೆ ಎರಡು ಟಿಕೆಟ್ ಬೇಕಿತ್ತು," ಎಂದಿತು ಇಂಗ್ಲಿಷಿನಲ್ಲಿ ಒಂದು ಗಂಡು ಸ್ವರ.

"ಯಾರ ಹೆಸರಿನಲ್ಲಿ ಸರ್?" ಎಂದೆ.

ಲೈನ್ ಕಟ್. ಯಾರೋ ಕೊಟ್ಟ ನಂಬರಿಗೆ ಕಣ್ಣು ಮುಚ್ಚಿ ಡಯಲ್ ಮಾಡಿದ್ದನಂತೆ ನಮ್ಮ ಮೀನಿನ ಗೆಳೆಯ, ಪುಣ್ಯಾತ್ಮ. ಅದು ನನ್ನ ಮೇಜಿನ ಮೇಲಿನ ಫೋನು ಎಂದು ಅವನಿಗೆ ಹೊಳೆದಿರಲಿಲ್ಲ. ಎರಡು ನಿಮಿಷ ಬಿಟ್ಟು ಮತ್ತೆ ರಿಂಗ್. ಈ ಸಲ ಮೂಗಿನಲ್ಲಿ ಮಾತಾಡುವ ಹಿಂದಿ, ಅದೂ ಮಂಗಳೂರಿನ ಹಿಂದಿ.

"ಹಮ್ ದುಕ್ಮ್ ಸೇ ಬಾತ್ ಕರ್ತಾ ಹೈ. ಅಭೀ ಪಹಲೇ ಕಿಸೀನೇ ಫೋನ್ ಕಿಯಾ ಥಾ, ವೋ ಹಮ್ ನಹೀ ಹೈ."

ದುಕ್ಮ್ ಊರಿನಿಂದ ಮಾತಾಡುವುದಂತೆ, ಮೊದಲು ಫೋನ್ ಮಾಡಿದವನು ತಾನಲ್ಲವಂತೆ. ಆಗಿನ ದುಕ್ಮ್ ಎಂದರೆ ಸಮುದ್ರದ ಬದಿಯಲ್ಲಿ ಬೆಸ್ತರ ನಾಲ್ಕು ಮನೆ, ಮಿಕ್ಕಂತೆ ಬಂಡೆಗಲ್ಲು. ಅಲ್ಲಿಂದ ಬ್ಯಾಂಕಾಕ್‌ಗೆ ಯಾರು ಹೋಗುತ್ತಾರೆ? ನಾನು ಬಹಳ ಮರ್ಯಾದೆಯಿಂದ, "ಆಯ್ತು ಸಾಬ್, ದುಕ್ಮ್‌ನಲ್ಲಿ ಮೀನು ಹೇಗುಂಟು?" ಎಂದು ಕನ್ನಡದಲ್ಲಿ ಕೇಳಿದೆ. "ಚೆನ್ನಾಗುಂಟು ಅಕ್ಕ," ಎಂದವನು, ನಾಲಿಗೆ ಕಚ್ಚಿಕೊಂಡು ಫೋನ್ ಇಟ್ಟ.

ಮಸ್ಕತ್‌ನಿಂದ ಇಬ್ಬರು ಗಂಡಸರು ಮನೆಯವರನ್ನು ಬಿಟ್ಟು ಬ್ಯಾಂಕಾಕ್‌ಗೆ ಹೋದರೆ ಆ ಕಾಲದಲ್ಲಿ ಜನ ಏನು ಅಂದುಕೊಳ್ಳುತ್ತಿದ್ದರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಟಿಕೆಟ್ ನನ್ನ ಗಂಡನದೇ ಎಂದು ಗೊತ್ತಾದರೂ ನನಗೇನೂ ಸಿಟ್ಟು ಬರಲಿಲ್ಲ. ನನ್ನ ಗಂಡನಿಗೆ ಬೀಚಿನಲ್ಲಿ ಅಂಗಿ ಬಿಚ್ಚಿ ನಿಲ್ಲುವುದಕ್ಕೂ ನಾಚಿಕೆ. ಆದರೆ ನನ್ನಿಂದ ಮುಚ್ಚಿಟ್ಟರಲ್ಲ, ಅದಕ್ಕೆ ಸ್ವಲ್ಪ ಬೇಯಿಸಬೇಕು ಅನ್ನಿಸಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆಯ ಬಟ್ಟಲಿಗೆ ಸಾರು ಬಡಿಸುತ್ತಾ ಹೇಳಿದೆ: "ಅತ್ತೆ, ಇವರು ಈದ್ ರಜೆಗೆ ಬ್ಯಾಂಕಾಕ್‌ಗೆ ಹೋಗ್ತಾರಂತೆ."

ಗಂಡ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟರು. ಅತ್ತೆ ಮಗನನ್ನೇ ನೋಡಿದರು.

"ಹೌದಾ ಮಗಾ? ಅಲ್ಲಿ ಎಂತ ಉಂಟು?"

ಗಂಡ ನನ್ನನ್ನು ನೋಡಿದರು. ನಾನು ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವುದರಲ್ಲಿ ಮುಳುಗಿದ್ದೆ. ಅವರ ಕಣ್ಣು ಗೋಡೆಯ ಮೇಲೆಲ್ಲ ಅಲೆದಾಡಿ ಫ್ರಿಜ್ಜಿನ ಪಕ್ಕದ ಕ್ಯಾಲೆಂಡರಿನ ಮೇಲೆ ನಿಂತಿತು. ಥೈಲ್ಯಾಂಡಿನ ಆ ಕ್ಯಾಲೆಂಡರನ್ನು ನಾನೇ ಆಫೀಸಿನಿಂದ ತಂದಿದ್ದೆ. ಆ ತಿಂಗಳ ಚಿತ್ರದಲ್ಲಿ ಬೆಟ್ಟದ ತುದಿಯಲ್ಲಿ ಕೆಂಪು ಕಲ್ಲಿನ ಒಂದು ಗೋಪುರ, ಅದಕ್ಕೆ ಹತ್ತುವ ಉದ್ದದ ಮೆಟ್ಟಿಲು.

"ದೇವಸ್ಥಾನ," ಎಂದರು ಗಂಡ, ಚಿತ್ರದ ಕೆಳಗಿನ ಅಕ್ಷರ ಓದುತ್ತಾ. "ಈಶ್ವರನ ದೇವಸ್ಥಾನ ಅಮ್ಮ. ಭಾರೀ ಹಳೆಯದು. ಕಾಂಬೋಡಿಯ ಕಡೆಯ ಖಮೇರ್ ರಾಜರು ಕಟ್ಟಿಸಿದ್ದು. ಬೆಟ್ಟದ ಮೇಲೆ. ಅದನ್ನು ನೋಡ್ಲಿಕ್ಕೇ ಹೋಗುದು ನಾವು."

ಅತ್ತೆ ಕೈ ತೊಳೆದುಕೊಂಡು ಬಂದು ಕ್ಯಾಲೆಂಡರಿನ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು. ಚಿತ್ರಕ್ಕೆ ಕೈ ಮುಗಿದರು.

"ಒಳ್ಳೆ ಬುದ್ಧಿ ಬಂತು ನಿಂಗೆ. ನಾನೂ ಬರ್ತೇನೆ. ಇವಳೂ ಬರ್ಲಿ."

ಗುರುವಾರ ಗೆಳೆಯ ಮೀನಿನ ಪೆಟ್ಟಿಗೆ ಇಳಿಸುವ ಮೊದಲೇ ಅತ್ತೆ ಅವನನ್ನು ಬಾಗಿಲಲ್ಲೇ ಹಿಡಿದರು. "ನೀನೂ ಈಶ್ವರನ ಬೆಟ್ಟಕ್ಕೆ ಬರ್ತಿಯಂತಲ್ಲ?" ಅವನು ನನ್ನ ಗಂಡನ ಮುಖ ನೋಡಿದ, ಅಲ್ಲಿ ಹೆಣದ ಕಳೆ. ಪಾಪ, ಒಂದೇ ಕ್ಷಣದಲ್ಲಿ ಸುಧಾರಿಸಿಕೊಂಡು, "ಹೌದಮ್ಮ, ಹಳೆ ಕಟ್ಟಡ ಅಂದ್ರೆ ನಂಗೆ ಸಣ್ಣದರಿಂದಲೇ ಒಂದು ಹುಚ್ಚು," ಎಂದ. ಆಮೇಲೆ ಅಡುಗೆಮನೆಗೆ ಬಂದು ನನ್ನ ಹತ್ತಿರ ಪಿಸುಗುಟ್ಟಿದ: "ಅಕ್ಕ, ದುಕ್ಮ್‌ನವನಿಗೆ ಮಾಫಿ ಮಾಡಿ."

ಪಾಸ್‌ಪೋರ್ಟ್‌ಗಳು ಕಂಪೆನಿಯ ಕಬ್ಬಿಣದ ಕಪಾಟಿನಲ್ಲಿದ್ದವು. ಕೇಳಲು ಹೋದಾಗ ಅವರ ಕಫೀಲ್, ಎಂದರೆ ವೀಸಾ ಕೊಟ್ಟ ಧಣಿ, ವಯಸ್ಸಾದ ಒಮಾನಿ, ಬ್ಯಾಂಕಾಕ್ ಎಂದ ಕೂಡಲೇ ತುಟಿಯಂಚಿನಲ್ಲಿ ನಕ್ಕರಂತೆ. ಜೊತೆಗೆ ಹೆಂಡತಿ ಎಂದಾಗ ಹುಬ್ಬು ಏರಿಸಿದರಂತೆ. ತಾಯಿಯೂ ಬರುತ್ತಾರೆ ಎಂದದ್ದೇ, ಕಾವಾ ಕಾಫಿಯ ಲೋಟ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಯಲ್ಲಾ, ಹೋಗಿ ಬನ್ನಿ. ಖಲಾಸ್ ನಿನ್ನ ಬ್ಯಾಂಕಾಕ್!" ಎಂದರಂತೆ.

ಪ್ರವಾಸದ ಏರ್ಪಾಡೆಲ್ಲ ನನ್ನ ಕೈಯಲ್ಲಿತ್ತು. ಐದು ದಿನದಲ್ಲಿ ನಾಲ್ಕು ದಿನ ಬ್ಯಾಂಕಾಕ್‌ನಿಂದ ದೂರ ಇರುವ ಹಾಗೆ ಬರೆದೆ. ಹಾಳೆ ನೋಡಿದ ಗಂಡ, "ಇಷ್ಟು ದಿನ ಆ ಹಳ್ಳಿಯಲ್ಲಿ ಎಂತ ಮಾಡುದು?" ಎಂದರು. "ಭಾರೀ ಹಳೆಯ ದೇವಸ್ಥಾನ ಅಲ್ವಾ, ಗಡಿಬಿಡಿಯಲ್ಲಿ ನೋಡ್ಲಿಕ್ಕಾಗ್ತದಾ?" ಎಂದೆ.

ಹಾಗೆ ನಾವು ನಾಲ್ವರು, ಮಸ್ಕತ್‌ನಿಂದ ತಂದ ಅರಿಶಿನ, ಕರ್ಪೂರ, ಊದುಬತ್ತಿಯ ಚೀಲದ ಸಮೇತ, ಒಂದು ಬೆಳಿಗ್ಗೆ ಫನೋಮ್ ರುಂಗ್ ಬೆಟ್ಟದ ದಾರಿಯ ಬುಡದಲ್ಲಿ ನಿಂತಿದ್ದೆವು. ಆರಿ ಹೋದ ಜ್ವಾಲಾಮುಖಿಯ ನೆತ್ತಿಯ ಮೇಲಿದೆ ಈ ದೇವಸ್ಥಾನ ಎಂದು ನಮ್ಮ ಗೈಡ್, ಇಂಗ್ಲಿಷ್ ಬಲ್ಲ ಒಬ್ಬ ಥಾಯ್ ಹುಡುಗಿ, ಹೇಳಿದಳು. ಬಿಸಿಲು ಮಸ್ಕತ್ತಿನದೇ, ಜೊತೆಗೆ ಮಂಗಳೂರಿನ ಬೆವರು.

"ಚಪ್ಪಲಿ ಬಿಚ್ಚಿ," ಎಂದರು ಅತ್ತೆ.

ಇಲ್ಲಿ ಬೇಡ, ಎಲ್ಲರೂ ಹಾಕಿಕೊಂಡೇ ಹೋಗುತ್ತಾರೆ ಎಂದಳು ಗೈಡ್. ಅತ್ತೆ ಅವಳ ಕೆನ್ನೆ ತಟ್ಟಿ, ಗಂಡಸರಿಬ್ಬರ ಬೂಟುಗಳನ್ನು ವ್ಯಾನಿಗೆ ಹಾಕಿಸಿದರು. ಕಾದ ಕಲ್ಲಿನ ಮೇಲೆ ಕಾಲಿಟ್ಟದ್ದೇ ಇಬ್ಬರೂ ಕುಣಿಯತೊಡಗಿದರು. ಎರಡೂ ಬದಿಯ ಕಲ್ಲಿನ ಕಂಬಗಳ ನೆರಳು ಎಲ್ಲಿ ಬಿದ್ದಿದೆಯೋ ಅಲ್ಲಿಗೆ ಓಡುವುದು, ನಿಲ್ಲುವುದು, ಮುಂದಿನ ನೆರಳಿಗೆ ಹಾರುವುದು. ಅತ್ತೆ ಮಾತ್ರ ರಾಣಿಯಂತೆ ನಡುದಾರಿಯಲ್ಲಿ ನಡೆಯುತ್ತಿದ್ದರು. ನೋಡಿದರೆ ವಿಮಾನದಲ್ಲಿ ಕೊಟ್ಟ ದಪ್ಪ ಸಾಕ್ಸ್ ಹಾಕಿಕೊಂಡಿದ್ದಾರೆ!

"ಸಾಕ್ಸ್ ಚರ್ಮದ್ದಲ್ಲ, ದೋಷ ಇಲ್ಲ," ಎಂದು ನನಗೂ ಒಂದು ಜೊತೆ ಕೊಟ್ಟರು.

"ಅವರಿಗೆ?"

"ಅವರಿಗೆ ಈಶ್ವರ ಉಂಟಲ್ಲ."

ದಾರಿ ಮುಗಿದು ಮೆಟ್ಟಿಲು ಶುರುವಾಗುವಲ್ಲಿ ಒಂದು ಕಲ್ಲಿನ ಸೇತುವೆ. ಅದರ ಎರಡು ಬದಿಯ ತಡೆಗೋಡೆ ಎಂದರೆ ಉದ್ದಕ್ಕೆ ಮೈ ಚಾಚಿದ ಸರ್ಪಗಳು. ತುದಿಗಳಲ್ಲಿ ಐದೈದು ಹೆಡೆ ಎತ್ತಿ ನಿಂತಿವೆ. ಅತ್ತೆ ಗಕ್ಕನೆ ನಿಂತರು. ನಾಗನ ಕಲ್ಲಿಗೆ ಕಾಲು ತಾಗಿದರೆ ವಾರ ಉಪವಾಸ ಇರುವ ಮನೆತನ ಅವರದು. ಇದು ಮನುಷ್ಯಲೋಕದಿಂದ ದೇವಲೋಕಕ್ಕೆ ದಾಟುವ ಸೇತುವೆ ಎಂದು ಗೈಡ್ ಹೇಳಿದ್ದನ್ನು ನಾನು ನಮ್ಮ ಮನೆಮಾತು ತುಳುವಿಗೆ ಇಳಿಸಿದೆ. ಅತ್ತೆಗೆ ಅದು ಒಪ್ಪಿಗೆಯಾಯಿತು. ಆದರೆ ಬರಿಗೈಯಲ್ಲಿ ದಾಟುವುದು ಹೇಗೆ? ಕೆಳಗಿನ ಅಂಗಡಿಯಿಂದ ಕೆತ್ತಿಸಿ ತಂದಿದ್ದ ಎರಡು ಎಳನೀರು ಗೆಳೆಯನ ಕೈಯಲ್ಲಿದ್ದವು. ನಾವು ಬಾಯಿ ತೆರೆಯುವುದರೊಳಗೆ ಒಂದನ್ನು ಕಿತ್ತುಕೊಂಡು ನಾಗನ ಹೆಡೆಯ ಮೇಲೆ ಸುರಿದೇಬಿಟ್ಟರು. ಅರಿಶಿನದ ಪೊಟ್ಟಣಕ್ಕೆ ಕೈ ಹಾಕುವಾಗ ಎಲ್ಲಿಂದಲೋ ಸೀಟಿ ಕೇಳಿಸಿತು.

ಖಾಕಿ ತೊಟ್ಟ ಕಾವಲುಗಾರ ಓಡಿ ಬಂದ. ಅವನು ಥಾಯ್ ಭಾಷೆಯಲ್ಲಿ ಬೈದ. ಅತ್ತೆ ಅಪ್ಪಟ ತುಳುವಿನಲ್ಲಿ ಕೇಳಿದರು: "ಅಲ್ಲ ಮಾರಾಯ, ಇಷ್ಟು ದೊಡ್ಡ ನಾಗನನ್ನು ಬಿಸಿಲಲ್ಲಿ ನಿಲ್ಲಿಸಿದ್ದೀರಿ, ಒಂದು ತೊಟ್ಟು ಎಳನೀರು ಎರೆಯುವವರು ಬೇಡವಾ ನಿಮ್ಮೂರಲ್ಲಿ?" ಅವನು ಕಲ್ಲು ತೋರಿಸಿ ಮತ್ತೇನೋ ಹೇಳಿದ. ಅತ್ತೆ ಆಕಾಶ ತೋರಿಸಿದರು. ನನ್ನ ಗಂಡ ನಡುವೆ ಬಂದು, "ಸಾರಿ, ಸಾರಿ, ಮೈ ಮದರ್," ಎಂದು ಒಂದೇ ಕಾಲಿನ ಮೇಲೆ ನಿಂತು ಹೇಳುತ್ತಿದ್ದರು. ಇನ್ನೊಂದು ಕಾಲು ಸುಡುತ್ತಿತ್ತಲ್ಲ.

ಕೊನೆಗೆ ಗೈಡ್ ಬಿಡಿಸಿ ಹೇಳಿದಳು. ಬಿದ್ದುಹೋಗಿದ್ದ ಕಲ್ಲುಗಳನ್ನು ಎಷ್ಟೋ ವರ್ಷ ಕೂತು ಒಂದೊಂದಾಗಿ ಜೋಡಿಸಿದ್ದಾರೆ, ಸಿಹಿನೀರು ಬಿದ್ದರೆ ಕಲೆಯಾಗಿ ಇರುವೆ ಮುತ್ತುತ್ತದೆ. ಇದನ್ನು ಕೇಳಿ ಅತ್ತೆ ಮೆತ್ತಗಾದರು. ಸೆರಗಿನ ತುದಿಯಿಂದ ಹೆಡೆಗಳನ್ನು ಒಂದೊಂದಾಗಿ, ಮಿಂದ ಮಗುವಿನ ತಲೆ ಒರೆಸುವಂತೆ, ಒರೆಸಿದರು. ಇನ್ನೊಂದು ಎಳನೀರನ್ನು ಕಾವಲುಗಾರನ ಕೈಗೆ ಕೊಟ್ಟು, "ಕುಡಿ, ನೀನಾದರೂ ಕುಡಿ," ಎಂದರು. ಅವನು ಟೋಪಿ ತೆಗೆದು ಕೈ ಮುಗಿದು ಒಂದೇ ಉಸಿರಿಗೆ ಕುಡಿದ. ಆಮೇಲೆ ಗಂಡಸರ ಬರಿಗಾಲು ನೋಡಿ ತನ್ನ ಗೂಡಿನಿಂದ ಎರಡು ಜೊತೆ ರಬ್ಬರ್ ಚಪ್ಪಲಿ ತಂದು ಮುಂದಿಟ್ಟ. ಅತ್ತೆ ಬೇರೆ ಕಡೆ ನೋಡುವ ಕೃಪೆ ತೋರಿಸಿದರು.

ಮೇಲೆ ಹತ್ತಿದ ಮೇಲೆ ನಮ್ಮ ನಗೆ ತಾನಾಗಿಯೇ ನಿಂತಿತು. ಪೂರ್ವದ ಬಾಗಿಲ ನೆತ್ತಿಯಲ್ಲಿ ಹತ್ತು ಕೈಯ ಶಿವ ಕುಣಿಯುತ್ತಿದ್ದಾನೆ. ಅವನ ಕೆಳಗೆ ಹಾವಿನ ಮೇಲೆ ಒರಗಿದ ವಿಷ್ಣು, ಹೊಕ್ಕುಳಿಂದ ಎದ್ದ ತಾವರೆ. "ಅನಂತಪದ್ಮನಾಭ! ಇವನು ಇಲ್ಲಿಗೆ ಯಾವಾಗ ಬಂದ?" ಎಂದರು ಅತ್ತೆ, ನೆಂಟರ ಮನೆಯಲ್ಲಿ ಪಕ್ಕದೂರಿನವರನ್ನು ಕಂಡವರ ಹಾಗೆ. ಆ ಕಲ್ಲನ್ನು ಯಾರೋ ಕದ್ದು, ಅದು ಅಮೆರಿಕಕ್ಕೆ ಹೋಗಿ, ಜನ ಪಟ್ಟು ಹಿಡಿದು ಕೆಲವು ವರ್ಷಗಳ ಹಿಂದಷ್ಟೇ ವಾಪಸ್ಸು ತರಿಸಿದರಂತೆ. "ಅವನಿಗೂ ಫಾರಿನ್ ಸಾಕಾಯ್ತು ಅಂತ ಕಾಣ್ತದೆ," ಎಂದ ಗೆಳೆಯ.

ಒಳಗೆ ಅರ್ಚಕರಿಲ್ಲ, ದೀಪವಿಲ್ಲ. ಕತ್ತಲ ಕೋಣೆಯಲ್ಲಿ ಒಂದು ಲಿಂಗ, ಮುಂದಿನ ಕೋಣೆಯಲ್ಲಿ ಕಾಲು ಮಡಚಿ ಕೂತ ನಂದಿ. ಬಾಗಿಲ ಹಿಂದೆ ಬಾಗಿಲು, ಅದರ ಹಿಂದೆ ಬಾಗಿಲು, ಎಲ್ಲ ಒಂದೇ ಗೆರೆಯಲ್ಲಿ. ಈ ಕಡೆಯಿಂದ ನೋಡಿದರೆ ಆ ತುದಿಯಲ್ಲಿ ಅಂಗೈಯಗಲ ಆಕಾಶ. ಅತ್ತೆ ಕರ್ಪೂರ ಹಚ್ಚಲಿಲ್ಲ. ಅಂಗಡಿಯಿಂದ ತಂದ ತಾವರೆ ಮೊಗ್ಗೊಂದನ್ನು ಇಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತರು.

ನನ್ನ ಗಂಡ ಕಾಣಿಸಲಿಲ್ಲ. ಹುಡುಕಿದರೆ ಗೋಡೆಯ ಹೊರಗೆ ನೆಲಕ್ಕೆ ಮುಖ ಹಚ್ಚಿ ಮಲಗಿದ್ದಾರೆ. ಅಡ್ಡಬಿದ್ದಿದ್ದಾರೆ ಎಂದುಕೊಂಡೆ. ಅಲ್ಲ, ಲಿಂಗದ ಮೇಲೆ ಸುರಿದ ನೀರು ಹೊರಗೆ ಬರುವ ಕಲ್ಲಿನ ಕಾಲುವೆಯ ಇಳಿಜಾರನ್ನು ಅಳೆಯುತ್ತಿದ್ದರು. "ಪಂಪ್ ಇಲ್ಲದೆ ಈ ನೆತ್ತಿಯಲ್ಲಿ ಇಷ್ಟು ಜನಕ್ಕೆ ನೀರು ಹೇಗೆ ಮಾಡಿದ್ರು ಮಾರಾಯ್ತಿ?" ಎಂದರು. ಮುಖದಲ್ಲಿ ಮದುವೆಯಾದ ಹೊಸತರಲ್ಲಿ ನೋಡಿದ ಉತ್ಸಾಹ. ದೇವಸ್ಥಾನದ ಹಳೆಯ ಕೊಳಗಳನ್ನು ನೋಡಲು ಗೈಡನ್ನು ಕರೆದುಕೊಂಡು ಹೋದವರು ಒಂದು ಗಂಟೆ ಬರಲಿಲ್ಲ. ಗೆಳೆಯ ಮೂರು ರೋಲ್ ಫಿಲ್ಮ್ ಮುಗಿಸಿದ.

ನಾನೂ ಅತ್ತೆಯೂ ಮೆಟ್ಟಿಲಿನ ನೆರಳಲ್ಲಿ ಕೂತೆವು. ಅತ್ತೆ ಸಾಕ್ಸ್ ಬಿಚ್ಚಿ ಕೊಡವುತ್ತಾ ಕೇಳಿದರು: "ಇವರಿಬ್ಬರೂ ನಿಜಕ್ಕೂ ಎಲ್ಲಿಗೆ ಹೊರಟಿದ್ದು?"

ನಾನು ತಬ್ಬಿಬ್ಬಾದೆ. "ಅಂದ್ರೆ?"

"ಬ್ಯಾಂಕಾಕ್ ಅಂದ್ರೆ ಎಂತ ಅಂತ ನಂಗೆ ಗೊತ್ತಿಲ್ವಾ? ನಮ್ಮ ಬಿಲ್ಡಿಂಗಿನ ಹೆಂಗಸರು ಬಟ್ಟೆ ಒಣಗಿಸುವಾಗ ಅದೇ ಮಾತಾಡ್ತಾರೆ. ನಿನ್ನ ಮಾವನೂ ಧರ್ಮಸ್ಥಳಕ್ಕೆ ಅಂತ ಹೇಳಿ ಕೋಳಿ ಅಂಕದ ಜೂಜಿಗೆ ಹೋಗ್ತಿದ್ರು. ಒಂದು ಸಲ ನಾನೂ ಬರ್ತೇನೆ ಅಂತ ಹೊರಟೆ. ಪಾಪ, ಧರ್ಮಸ್ಥಳಕ್ಕೇ ಹೋಗ್ಬೇಕಾಯ್ತು."

ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಮೇಲಿನಿಂದ ಇಳಿದು ಬರುತ್ತಿದ್ದ ಗಂಡಸರು, "ಎಂತ ಆಯ್ತು?" ಎಂದರು. "ಭಕ್ತಿ," ಎಂದರು ಅತ್ತೆ.

ಕೊನೆಯ ದಿನ ಬ್ಯಾಂಕಾಕ್‌ನ ಹೋಟೆಲಿನಲ್ಲಿ ಅತ್ತೆ ತಾವಾಗಿಯೇ ಮಗನಿಗೆ ಹೇಳಿದರು: "ನಾವು ಮಲಗ್ತೇವೆ. ನೀವಿಬ್ಬರೂ ಸಂಜೆ ಎಲ್ಲಿಗಾದರೂ ತಿರುಗಿ ಬನ್ನಿ." ನಾಲ್ಕು ಗಂಟೆಗೆ ಅಂಗಿ ಇಸ್ತ್ರಿ ಮಾಡಿಸಿಕೊಂಡು, ಸೆಂಟು ಬಳಿದುಕೊಂಡು ಹೊರಟವರು ಐದೂವರೆಗೆ ಕುಂಟುತ್ತಾ ವಾಪಸ್ಸು ಬಂದರು. ಕೈಯಲ್ಲಿ ಕಾಲು ನೋವಿನ ಮುಲಾಮಿನ ಎರಡು ಡಬ್ಬಿ. ನಾನು ಬಕೆಟ್ಟಿಗೆ ಬಿಸಿನೀರು ಬಿಟ್ಟು ಕೊಟ್ಟೆ.

ಮಸ್ಕತ್‌ಗೆ ಬಂದ ಮೇಲೆ ಅತ್ತೆ ಭಜನೆಯ ದಿನ ಹೆಂಗಸರನ್ನೆಲ್ಲ ಕೂರಿಸಿಕೊಂಡು ಆ ಬೆಟ್ಟ, ನಾಗ, ಹತ್ತು ಕೈಯ ಶಿವ, ಎಲ್ಲವನ್ನೂ ವರ್ಣಿಸಿದರು. ಗಂಡಸರು ಬ್ಯಾಂಕಾಕ್ ಎಂದರೆ ಹೆಂಡತಿಯರು ಏನು ಮಾಡಬೇಕು ಎನ್ನುವುದನ್ನೂ ಹೇಳಿರಬೇಕು. ಮುಂದಿನ ರಜೆಗೆ ಒಬ್ಬರ ಹಿಂದೆ ಒಬ್ಬರು ನನ್ನ ಮೇಜಿನ ಮುಂದೆ ಬಂದು ನಿಂತರು: "ನಮಗೂ ಆ ಈಶ್ವರನ ಬೆಟ್ಟಕ್ಕೆ ಟಿಕೆಟ್ ಬರಿ ಮಾರಾಯ್ತಿ. ಇವರು ಹೊರಟಿದ್ದಾರಂತೆ, ನಾವೂ ಹೋಗ್ತೇವೆ." ಅವರ ಗಂಡಂದಿರು ಹಿಂದೆ ನಿಂತು ಪೋಸ್ಟರ್ ನೋಡುತ್ತಿದ್ದರು.

ಅವರಲ್ಲೊಬ್ಬರು, ಅಕೌಂಟ್ಸಿನಲ್ಲಿ ಕೆಲಸ ಮಾಡುವ ಸಾಧು ಮನುಷ್ಯ, ಹೆಂಡತಿ ಆ ಕಡೆ ಹೋದದ್ದನ್ನು ನೋಡಿ ಮೇಜಿನ ಮೇಲೆ ಬಗ್ಗಿ ಕೇಳಿದರು: "ಅಕ್ಕ, ಸಿಂಗಾಪುರಕ್ಕೆ ಬದಲಾಯಿಸ್ಲಿಕ್ಕೆ ಆಗ್ತದಾ? ಅಲ್ಲಿ ಬೆಟ್ಟ ಇಲ್ಲ ಅಲ್ವಾ?"