ಅಧ್ಯಕ್ಷರಮ್ಮನ ಹೆಬ್ಬೆಟ್ಟು

ಹೋದ ತಿಂಗಳು ಸೊಸೈಟಿಯಲ್ಲಿ ಗುಮಾಸ್ತ ನನ್ನ ರಸೀದಿಗೆ ಮೊಹರು ಒತ್ತಲು ಹೊಸ ಇಂಕ್ ಪ್ಯಾಡಿನ ಮುಚ್ಚಳ ತೆಗೆದ. ನೇರಳೆ ಮಸಿಯ ವಾಸನೆ ಬಂತು. ಅವನು ಎರಡು ಸಲ ಕರೆದರೂ ನನಗೆ ಕೇಳಿಸಲಿಲ್ಲವಂತೆ...

ಯಲಹಂಕದಲ್ಲಿ ಎಲ್ಲರೂ ಅವರನ್ನು ಅಧ್ಯಕ್ಷರಮ್ಮ ಎನ್ನುತ್ತಿದ್ದರು. ಮಹಿಳಾ ಸಮಾಜಕ್ಕೆ ಅಧ್ಯಕ್ಷೆ, ಅದಕ್ಕೆ ಆ ಹೆಸರು. ಐವತ್ತರ ದಶಕದ ಕೊನೆಯಲ್ಲಿ ನಾನು ಪಕ್ಕದ ಪುಟ್ಟೇನಹಳ್ಳಿಗೆ ಸೊಸೆಯಾಗಿ ಬಂದಾಗ ನನಗೆ ಓದು ಬರಹ ಇರಲಿಲ್ಲ. ಸಂಜೆ ಅವರ ಮನೆಯ ಜಗಲಿಯಲ್ಲಿ ಹೆಂಗಸರಿಗೆ ಪಾಠ ನಡೆಯುತ್ತಿತ್ತು. ಯಾರಾದರೂ ಎಲ್ಲೋ ಹೆಬ್ಬೆಟ್ಟು ಒತ್ತಿ ಬಂದೆ ಎಂದರೆ ಅವರಿಗೆ ಸಿಟ್ಟು. “ದೇವರು ಕೈ ಕೊಟ್ಟಿರೋದು ಬರೀ ಬೆರಣಿ ತಟ್ಟೋಕಾ?” ಎಂದು ಗದರುತ್ತಿದ್ದರು. ನನ್ನ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸಿದವರು ಅವರೇ.

ಸಮಾಜದವರು ಒಂದು ಶಿಶುವಿಹಾರ ನಡೆಸುತ್ತಿದ್ದರು. ನಾನು ಹೊಲಕ್ಕೆ ಹೋದಾಗ ನನ್ನ ಮಗಳು ಅಲ್ಲಿರುತ್ತಿದ್ದಳು. ಖರ್ಚಿಗೆ ಸರ್ಕಾರ ಕೊಡುತ್ತಿದ್ದ ಅನುದಾನ ಯಶವಂತಪುರದ ಬ್ಯಾಂಕಿನಲ್ಲಿ ಸಮಾಜದ ಖಾತೆಗೆ ಸೇರುತ್ತಿತ್ತು. ಅದನ್ನು ತೆಗೆಯಲು ಚೆಕ್ಕಿಗೆ ಅಧ್ಯಕ್ಷೆ, ಕಾರ್ಯದರ್ಶಿ ಇಬ್ಬರ ರುಜುವೂ ಬೇಕು. ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದೆ ಉಳಿದದ್ದು ಸರ್ಕಾರಕ್ಕೆ ವಾಪಸ್ಸು ಹೋಗುತ್ತದೆ. ಒಮ್ಮೆ ವಾಪಸ್ಸು ಹೋದರೆ ಮುಂದಿನ ವರ್ಷ ಕೇಳಲು ಮುಖವಿರುವುದಿಲ್ಲ.

ಅರವತ್ತರ ದಶಕ ಶುರುವಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಅಧ್ಯಕ್ಷರಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಾತು, ಹಠ ಎರಡೂ ಹಾಗೇ ಉಳಿದವು. ಎಡಗೈಯಲ್ಲಿ ಹೇಗೋ ಗೀಚಿ ಕೊಟ್ಟ ಚೆಕ್ಕು ಬ್ಯಾಂಕಿನಿಂದ ಹಿಂದಕ್ಕೆ ಬಂತು. ಖಾತೆ ತೆರೆಯುವಾಗ ಕೊಟ್ಟಿದ್ದ ಮಾದರಿ ರುಜುವಿಗೆ ಹೊಂದುವುದಿಲ್ಲವಂತೆ. ಇನ್ನೊಂದು ಕಳಿಸಿದರು, ಅದೂ ಬಂತು. ಸಂಬಳವಿಲ್ಲದೆ ಶಿಶುವಿಹಾರದ ಆಯಾ ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಮನೆಗೆಲಸ ಹುಡುಕಿಕೊಂಡಳು. ಹಾಲಿನವನು ಮಕ್ಕಳಿಗೆ ಹಾಲು ಹಾಕುವುದನ್ನು ನಿಲ್ಲಿಸಿದ.

ಸಮಾಜದ ಕಾರ್ಯದರ್ಶಿ ಸ್ಟೇಷನ್ ಮಾಸ್ತರರ ಹೆಂಡತಿ. ಅವರು ಬ್ಯಾಂಕಿಗೆ ಹೋಗಿ ವಿಚಾರಿಸಿ ಬಂದರು. ನಾನು ಆಗ ಅಧ್ಯಕ್ಷರಮ್ಮನ ಕೈಗೆ ಎಣ್ಣೆ ತಿಕ್ಕುತ್ತಿದ್ದೆ.

“ರುಜು ಹಾಕೋ ಅಧಿಕಾರಾನ ಉಪಾಧ್ಯಕ್ಷರಿಗೆ ಕೊಟ್ಟಿದೀನಿ ಅಂತ ಒಂದು ಕಾಗದಕ್ಕೆ ನೀವು ಹೆಬ್ಬೆಟ್ಟು ಒತ್ತಿದ್ರೆ ಸಾಕಂತೆ.”

“ಬೇಕಾದ್ರೆ ನನ್ನ ತೆಗೆದುಹಾಕಿ. ಹೆಬ್ಬೆಟ್ಟು ಒತ್ತಲ್ಲ.”

“ತೆಗೆದುಹಾಕೋ ಕಾಗದಕ್ಕೂ ನಿಮ್ಮ ಗುರುತೇ ಬೇಕಂತೆ ಕಣ್ರೀ! ಹಿಂಗೆ ಹಠ ಮಾಡೋಕೆ ನೀವೇನು ಶಿಶುವಿಹಾರದ ಮಗುನಾ?”

ಅಧ್ಯಕ್ಷರಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು.

ಮಾರ್ಚ್ ಕೊನೆಯ ವಾರ ಬ್ಯಾಂಕಿನ ಏಜೆಂಟರೇ ಆ ಕಾಗದ, ಇಂಕ್ ಪ್ಯಾಡು ಹಿಡಿದುಕೊಂಡು ರೈಲಿನಲ್ಲಿ ಬಂದರು. ಮ್ಯಾನೇಜರರನ್ನು ಆಗ ಏಜೆಂಟರು ಎನ್ನುತ್ತಿದ್ದರು. ಕರಿ ಕೋಟು ಹಾಕಿಕೊಂಡು ಬೆವರಿದ್ದರು. ನೀರು ಕುಡಿದು, “ನಾಚಿಕೊಳ್ಳಬೇಡಿ ಅಮ್ಮಾವ್ರೇ, ನನ್ನ ರುಜುನೇ ಹೆಡ್ಡಾಫೀಸಿನವರು ಒಂದೊಂದ್ಸಲ ‘ಇದು ನಿಮ್ಮದೇನಾ’ ಅಂತ ಕೇಳ್ತಾರೆ,” ಎಂದರು.

ಅವರು ಪೆನ್ನು ಕೊಟ್ಟು ಒಂದು ಬಿಳಿ ಹಾಳೆಯಲ್ಲಿ ರುಜು ಹಾಕಿ ನೋಡಲು ಹೇಳಿದರು. ಅಧ್ಯಕ್ಷರಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ ಹಾಳೆಯ ಮೇಲಿಟ್ಟುಕೊಂಡರು. ಬೆರಳುಗಳ ನಡುವೆ ನಾನು ಪೆನ್ನು ಸಿಕ್ಕಿಸಿದೆ. ಅದು ಜಾರಿ ಹಾಸಿಗೆಯ ಮೇಲೆ ಬಿತ್ತು. ಇನ್ನೊಮ್ಮೆ ಸಿಕ್ಕಿಸಿದೆ. ಮತ್ತೆ ಬಿತ್ತು. ಅವರು ಎಡಗೈಯಿಂದ ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

“ಆ ಮಕ್ಕಳಿಗೆ ಹಾಲು ನಿಂತು ಎಷ್ಟು ದಿನ ಆಯ್ತೇ?” ಎಂದು ನನ್ನನ್ನು ಕೇಳಿದರು.

“ಶಿವರಾತ್ರಿಯಿಂದ ಇಲ್ಲ ಕಣಮ್ಮ.”

“ತನ್ನಿ,” ಎಂದು ಏಜೆಂಟರಿಗೆ ಹೇಳಿದರು.

ಹೆಂಗಸರದು ಬಲಗೈ ಹೆಬ್ಬೆಟ್ಟು ಆಗಬೇಕು ಎಂದು ಏಜೆಂಟರು ನಿಧಾನವಾಗಿ ಹೇಳಿದರು. ಪರಸ್ತ್ರೀಯ ಕೈ ಮುಟ್ಟಲು ಅವರಿಗೆ ಸಂಕೋಚ. ಪ್ಯಾಡನ್ನು ನನ್ನ ಕಡೆಗೆ ತಳ್ಳಿದರು. ನಾನು ಅಧ್ಯಕ್ಷರಮ್ಮನ ಹೆಬ್ಬೆರಳನ್ನು ಹಿಡಿದು ಮಸಿಗೆ ಅದ್ದಿ ಕಾಗದದ ಮೇಲೆ ಹೊರಳಿಸಿದೆ. ಆಮೇಲೆ ಸಾಕ್ಷಿಯ ಮಾತು ಬಂತು. ಕಾರ್ಯದರ್ಶಿ ಖಾತೆಗೆ ಸೇರಿದವರಾದ್ದರಿಂದ ಬೇರೆ ಯಾರಾದರೂ ಬೇಕು ಎಂದರು ಏಜೆಂಟರು.

“ಇವಳು ಹಾಕ್ತಾಳೆ. ರುಜು ಬರುತ್ತೆ ಇವಳಿಗೆ,” ಎಂದರು ಅಧ್ಯಕ್ಷರಮ್ಮ. ನಾನು ಪೆನ್ನನ್ನು ಸ್ಲೇಟು ಕಡ್ಡಿಯಂತೆ ಮುಷ್ಟಿಯಲ್ಲಿ ಹಿಡಿದೆ. “ನೆಟ್ಟಗೆ ಹಾಕೇ. ನಿಂಗೇನು ಲಕ್ವ ಹೊಡೆದಿದೆಯಾ?”

ಹಾಕಿದೆ. ಸ್ಲೇಟು ಬಿಟ್ಟು ಬೇರೆ ಕಡೆ ನಾನು ಹಾಕಿದ ಮೊದಲ ರುಜು ಅದು.

ಹಣ ಬಂತು. ಆಯಾ ಬರಲಿಲ್ಲ, ಬೇರೆಯವಳು ಸಿಕ್ಕಳು. ಹಾಲು ಶುರುವಾಯಿತು. ಆದರೆ ಸುದ್ದಿ ಹರಡಿ ಪಾಠಕ್ಕೆ ಬರುತ್ತಿದ್ದ ಇಬ್ಬರು ಸ್ಲೇಟು ಹಿಂದಕ್ಕೆ ಕೊಡಲು ಬಂದರು. “ಅಧ್ಯಕ್ಷರಮ್ಮನೇ ಎಬ್ಬೆಟ್ಟು ಒತ್ತಿದ್ಮ್ಯಾಕೆ ನಮಗ್ಯಾಕವ್ವ ಈ ಗೋಳು?” ಎಂದಳು ಒಬ್ಬಳು. ಒಳಗಿನಿಂದ ಕೇಳಿಸಿಕೊಂಡ ಅಧ್ಯಕ್ಷರಮ್ಮ ಇಬ್ಬರನ್ನೂ ಮಂಚದ ಹತ್ತಿರ ಕರೆಸಿದರು. ಮಸಿ ಇನ್ನೂ ಪೂರ್ತಿ ಹೋಗಿರದ ಹೆಬ್ಬೆರಳನ್ನು ಹೊದಿಕೆಯಿಂದ ಎಳೆದು ತೋರಿಸಿದರು.

“ನನಗೆ ಕೈ ಆಡಲ್ಲ, ಒತ್ತಿದೆ. ನಿಮಗೆ ಆಡುತ್ತಲ್ಲ?”

ಒಬ್ಬಳು ಸ್ಲೇಟನ್ನು ಇಟ್ಟುಕೊಂಡಳು. ಇನ್ನೊಬ್ಬಳು ಕೊಟ್ಟು ಹೋದಳು.

ಮುಂದಿನ ಮಳೆಗಾಲದಲ್ಲಿ ಅಧ್ಯಕ್ಷರಮ್ಮ ತೀರಿಕೊಂಡರು. ಶಿಶುವಿಹಾರ ಬಹಳ ವರ್ಷ ನಡೆಯಿತು. ಕೊನೆಕೊನೆಗೆ ನಾನೇ ಅಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಈಗ ಆ ಜಾಗದಲ್ಲಿ ಟೈಲ್ಸ್ ಅಂಗಡಿ ಇದೆ. ಅವರನ್ನು ಬಲ್ಲವರು ನಮ್ಮ ಕಡೆ ಇನ್ನು ಯಾರೂ ಉಳಿದಿಲ್ಲ. ಅವರ ರುಜು ಹೇಗಿತ್ತು ಎಂದು ಈಚೆಗೆ ಎಷ್ಟೋ ಸಲ ನೆನೆಸಿಕೊಳ್ಳಲು ನೋಡಿದೆ. ದಿನವೂ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು, ಆದರೂ ಕಣ್ಣ ಮುಂದೆ ಬರುವುದಿಲ್ಲ... ನನ್ನ ಅಂಗೈಯಲ್ಲಿದ್ದ ಆ ಹೆಬ್ಬೆರಳಿನ ಭಾರ ಮಾತ್ರ ನೆನಪಿದೆ.