ಡ್ರಮ್ಮಿನೊಳಗಿನ ಬಡಿತ

ಗಾಡಿಯ ಸಪ್ಪಳಕ್ಕೆ ಕಾರಣ ಗೊತ್ತಾಗಲಿಲ್ಲ ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ದೆವ್ವ, ಗಾಳಿ ಅನ್ನುವವರ ಮಾತನ್ನಂತೂ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ನಾನು ಕಮಠಾಣದವನು, ಬೀದರದಲ್ಲಿ ಮೋಟಾರು ಮಿಸ್ತ್ರಿಯಾಗಿದ್ದೆ. ಹೊಸ ಬ್ರೇಕ್ ಶೂ ಕೂರಿಸಿದ ಮೇಲೆ ಗಾಡಿ ಕಿರುಗುಟ್ಟಿದರೆ ಧೂಳು, ಕೆರೆದರೆ ರಿವೆಟ್ಟು, ಕಟಕಟ ಅಂದರೆ ಸ್ಪ್ರಿಂಗ್ ಕಳಚಿದೆ ಎಂದು ಕೂತಲ್ಲೇ ಹೇಳುತ್ತಿದ್ದೆ. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂಬ ಹಟವೇನೂ ನನಗಿಲ್ಲ.

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಚೇರಿಗಳ ಉರ್ದು ಬೋರ್ಡು ಇಳಿಸಿ ಕನ್ನಡದವನ್ನು ಏರಿಸುತ್ತಿದ್ದರು. ಆಗ ಊರಿನ ಒಂದು ಸಣ್ಣ ದವಾಖಾನೆಯ ಹಳೆಯ ಜೀಪಿಗೆ ನಾಲ್ಕೂ ಗಾಲಿಗೆ ಹೊಸ ಶೂ ಹಾಕಿಕೊಟ್ಟೆ. ಮರುದಿನ ಅಲ್ಲಿನ ನರ್ಸ್, ನಾವೆಲ್ಲ ಗೌರವದಿಂದ ಬಾಯಿ ಎಂದು ಕರೆಯುತ್ತಿದ್ದ ಮಾರ್ಥಮ್ಮ, ಭಾಲ್ಕಿ ಸ್ಟೇಷನ್ನಿಗೆ ಬಂದ ಔಷಧಿ ಪೆಟ್ಟಿಗೆ ತೆಗೆದುಕೊಂಡು ಔರಾದಕ್ಕೆ ಹೋಗಬೇಕಿತ್ತು. ಡ್ರೈವರ್ ಜ್ವರ ಬಂದು ಮಲಗಿದ್ದರಿಂದ ಜೀಪು ನಾನೇ ಹೊಡೆದೆ.

ಭಾಲ್ಕಿಯವರೆಗೆ ಜೀಪು ಚೊಕ್ಕಾಗಿ ಓಡಿತು. ಔರಾದದ ಹಾದಿ ಹಿಡಿದ ಸ್ವಲ್ಪ ಹೊತ್ತಿಗೆ, ಮಧ್ಯಾಹ್ನ ಮೂರರ ಸುಮಾರಿಗೆ, ಹಿಂದಿನ ಎಡಗಾಲಿಯಿಂದ ಸಪ್ಪಳ ಶುರುವಾಯಿತು. ಟಕ್ ಟಕ್ ಟಕ್. ಒಂದು ಬಿಡುವು. ಮತ್ತೆ ಒಂದೇ ಟಕ್.

ಗಾಲಿಯ ಸಪ್ಪಳವಾದರೆ ಗಾಡಿಯ ಜೋರಿನ ಜೊತೆ ಏರಬೇಕು, ಇಳಿಯಬೇಕು. ಇದು ಏರಲೂ ಇಲ್ಲ, ಇಳಿಯಲೂ ಇಲ್ಲ. ಬ್ರೇಕ್ ಒತ್ತಿದೆ, ಬಿಟ್ಟೆ. ಅದೇ ಲಯ. ಮುಂದೆ ಮಾಂಜ್ರಾ ಹೊಳೆಯ ಇಳಿಜಾರು. ಅಲ್ಲಿ ಬ್ರೇಕ್ ಕೈಕೊಟ್ಟರೆ ಇಬ್ಬರ ಕಥೆಯೂ ಮುಗಿದಂತೆ. ಜೀಪು ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ.

ಸಪ್ಪಳ ನಿಲ್ಲಲಿಲ್ಲ.

ಕಾದ ಕಬ್ಬಿಣ ಆರುವಾಗ ಟಿಕ್ಕೆನ್ನುವುದುಂಟು. ಆದರೆ ಅದು ಬರಬರುತ್ತ ಕಡಿಮೆಯಾಗುತ್ತದೆ. ಹತ್ತು ನಿಮಿಷ ಕಾದೆ. ಜಾಕ್ ಕೊಟ್ಟು ಗಾಲಿ ಬಿಚ್ಚಿದೆ, ಶೂಗಳ ಮೇಲೆ ಮುಚ್ಚಿರುವ ಕಬ್ಬಿಣದ ಡ್ರಮ್ ಕಳಚಿದೆ. ಶೂ, ಸ್ಪ್ರಿಂಗ್ ಎಲ್ಲ ನಾನು ಕೂರಿಸಿದ ಹಾಗೇ ಇದ್ದವು. ನೆಲದ ಮೇಲಿಟ್ಟ ಬರಿ ಡ್ರಮ್ಮಿಗೆ ಕಿವಿ ಹಚ್ಚಿದೆ. ಒಳಗಿಂದ ಟಕ್ ಟಕ್ ಟಕ್. ಬಿಡುವು. ಟಕ್. ಮಾರ್ಥಮ್ಮನವರನ್ನು ಕೂಗಿ ಕರೆದೆ.

ಮಾರ್ಥಮ್ಮ ಬಂದು, ಸೀರೆ ಧೂಳಾಗುವುದನ್ನೂ ನೋಡದೆ ಬಗ್ಗಿ ಕಿವಿಯಿಟ್ಟರು. ಬಹಳ ಹೊತ್ತು ಏಳಲಿಲ್ಲ.

"ಇದು ಗಾಡಿ ಆವಾಜ್ ಅಲ್ಲರಿ. ಯಾರೋ ಬಡೀಲಿಕತ್ಯಾರ," ಅಂದರು.

"ಇಲ್ಲಿ ಯಾರದಾರರಿ ಬಾಯಿ? ಸುತ್ತ ತೊಗರಿ ಹೊಲ. ತಿರುಗಿ ಭಾಲ್ಕಿಗೆ ಹೋಗೋಣ ನಡೀರಿ."

"ಬ್ರೇಕ್ ಕೆಟ್ಟದೇನು?"

"ಇಲ್ಲರಿ."

"ಮತ್ತ ತಿರುಗೋದು ಯಾಕ?"

ಅವರ ಮಾತು ಸರಿಯಿತ್ತು. ಗಾಲಿಯೇ ತಿರುಗದಾಗ ಬರುವ ಸಪ್ಪಳ ಬ್ರೇಕಿನದಾಗಲು ಸಾಧ್ಯವಿಲ್ಲ. ಎಲ್ಲ ಮತ್ತೆ ಜೋಡಿಸಿ ಹೊರಟೆ. ಇಳಿಜಾರಿನಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಬಡಿತ ಮಾತ್ರ ನಮ್ಮ ಜೊತೆಗೇ ಬಂತು.

ಹೊಳೆ ದಾಟಿದ ಮೇಲೆ ಒಂದು ಸಣ್ಣ ಊರು. ರೇಡಿಯೇಟರಿಗೆ ನೀರು ಹಾಕಲು ಬಾವಿಯ ಹತ್ತಿರ ನಿಲ್ಲಿಸಿದೆ. ಡ್ರಮ್ಮಿನ ಸಪ್ಪಳ ಥಟ್ಟನೆ ನಿಂತಿತು. ಆದರೆ ಬಡಿತ ಕೇಳುತ್ತಲೇ ಇತ್ತು, ಈಗ ಬಾವಿಯ ಆಚೆಯ ಮನೆಯಿಂದ. ಮೂರು, ಬಿಡುವು, ಒಂದು.

ಮಾರ್ಥಮ್ಮ ಯಾರನ್ನೂ ಕೇಳದೆ ಒಳಗೆ ನುಗ್ಗಿದರು. ನಾನು ಬಾಗಿಲಲ್ಲೇ ನಿಂತೆ. ಒಳಗೆ ಒಬ್ಬ ಬಸುರಿ ನೆಲದ ಮೇಲೆ ಬಿದ್ದುಕೊಂಡು ಕುಟ್ಟುವ ಕಲ್ಲಿನಿಂದ ಗೋಡೆ ಬಡಿಯುತ್ತಿದ್ದಳು.

"ಎರಡು ದಿನಾ ಆಯ್ತರಿ ಬ್ಯಾನಿ ಶುರುವಾಗಿ," ಎಂದು ಅವಳ ಅತ್ತೆ ಅತ್ತಳು. "ಚೀರಿ ಚೀರಿ ದನಿ ಬಿದ್ದದ. ಮಧ್ಯಾಹ್ನದಿಂದ ಹಿಂಗೇ ಗ್ವಾಡಿ ಬಡೀತಾಳ. ಡಾಕ್ಟರನ್ನ ಕರೀಲಾಕ ಔರಾದಕ್ಕ ಹೋದ ಮಗ ಇನ್ನಾ ಬಂದಿಲ್ಲರಿ."

ಮಾರ್ಥಮ್ಮ ಬಿಸಿನೀರು ಕೇಳಿ ಬಾಗಿಲು ಹಾಕಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಕೂಸು ಅತ್ತದ್ದು ಕೇಳಿತು. ತಾಯಿಯೂ ಉಳಿದಳು. ಇನ್ನೊಂದು ತಾಸು ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ಮಾರ್ಥಮ್ಮ ಕೈ ತೊಳೆಯುತ್ತ ಹೇಳಿದರು. ರಾತ್ರಿಯೇ ಪೆಟ್ಟಿಗೆಯನ್ನು ಔರಾದಕ್ಕೆ ಮುಟ್ಟಿಸಿದೆವು.

ಆ ಜೀಪನ್ನು ಆಮೇಲೆ ಎಷ್ಟೋ ಸಲ ರಿಪೇರಿ ಮಾಡಿದೆ. ಆ ಸಪ್ಪಳ ಮತ್ತೆ ಬರಲಿಲ್ಲ. ಹೊಳೆಯ ಆಚೆ ಗೋಡೆ ಬಡಿದದ್ದು ಈಚೆ ಕಬ್ಬಿಣದಲ್ಲಿ ಹ್ಯಾಗೆ ಕೇಳೀತು ಎಂದು ತಿಳಿದವರನ್ನು ಕೇಳಿದ್ದೇನೆ. ನೆಲದೊಳಗಿನ ಬಂಡೆ ಸಪ್ಪಳ ಒಯ್ಯುತ್ತದೆ ಎಂದರು ಒಬ್ಬರು. ಅಷ್ಟು ದೂರವೇ?

ಕೆಲವು ವರ್ಷಗಳಾದ ಮೇಲೆ ಮಾರ್ಥಮ್ಮ ಕೆಲಸ ಬಿಟ್ಟು ತಂಗಿಯ ಊರಿಗೆ ಹೊರಟರು. ಬಸ್ಸಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದು, "ಖರೇ ಹೇಳ್ರಿ, ಅವತ್ತು ಡ್ರಮ್ಮಿನ್ಯಾಗ ಏನಿತ್ತು?" ಎಂದು ಕೇಳಿದರು.

"ಹಳ್ಳು ಸಿಕ್ಕಿತ್ತರಿ ಬಾಯಿ, ಸಣ್ಣ ಕಲ್ಲು," ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಹಳ್ಳಾ?" ಎಂದವರು ಬಸ್ ಹತ್ತಿದರು.

ಅದನ್ನು ಕಿವಿಯಾರೆ ಕೇಳಿದ್ದ ಒಬ್ಬರೇ ಒಬ್ಬರಿಗೆ ನಾನು ಯಾಕೆ ಸುಳ್ಳು ಹೇಳಿದೆನೋ, ಇವತ್ತಿಗೂ ತಿಳಿದಿಲ್ಲ.